ಬೆನ್ನ ಮೇಲೆ ಬಂದ ಬಿಡಾರ

ಗ್ರಾಟೊ ಜಲಪಾತದ ನೀರು ಬಂಡೆಯ ಅಂಚಿನಿಂದ ತುಸು ಮುಂದಕ್ಕೆ ಚಿಮ್ಮಿ ಬೀಳುತ್ತದೆ. ಹಾಗಾಗಿ ನೀರಿಗೂ ಬಂಡೆಗೂ ನಡುವೆ ಒಬ್ಬರು ತಲೆ ಎತ್ತಿಯೇ ನಡೆದುಹೋಗುವಷ್ಟು ಜಾಗ ಉಳಿದಿದೆ. ದಾರಿ ಹೋಗುವುದೂ ಅಲ್ಲಿಂದಲೇ. ಬೆಳಗಿನ ಹೊತ್ತು ಆ ಸೂರಿನಡಿ ನಿಂತರೆ ತುಂತುರು ಕನ್ನಡಕಕ್ಕೆ ಮುತ್ತಿಕೊಂಡು ಎದುರಿನ ಕಾಡೆಲ್ಲ ಹಸಿರು ಮಸಕಾಗಿ ಕಾಣುತ್ತದೆ. ಆ ಮಸಕಿನೊಳಗಿಂದ ಒಂದು ಉದ್ದ ಕತ್ತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಮುಂದೆ ಹಗ್ಗ ಹಿಡಿದ ಒಬ್ಬ ಆಳು, ಹಿಂದೆ ಲಾಮಾಗಳ ಸಾಲು. ಎರಡೂ ಪಕ್ಕೆಗೆ ಚೀಲ ಕಟ್ಟಿಸಿಕೊಂಡ ಅವು, ಈ ದಾರಿ ನಮಗೆ ಹೊಸದಲ್ಲ ಎಂಬ ಧೋರಣೆಯಲ್ಲಿ, ಗಂಟಲೊಳಗೇ ಏನೋ ಗುನುಗುತ್ತಾ ನೀರಿನ ಹಿಂದೆ ಹಾದು ಆಚೆಯ ಏರನ್ನು ಹತ್ತಿಬಿಡುತ್ತವೆ. ಘಟ್ಟದ ಕೆಳಗಿನಿಂದ ಉಪ್ಪು ಹೊತ್ತು ಬರುತ್ತಿದ್ದ ಹೇರೆತ್ತುಗಳ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವರಿಗೆ ಈ ಸಾಲು ತೀರಾ ಪರಕೀಯ ಅನ್ನಿಸದು.

ಚೀಲದೊಳಗೆ ಇರುವುದು ಒಗೆದು ಮಡಿಸಿದ ಹಾಸು–ಹೊದಿಕೆ, ತಾಜಾ ತಿನಿಸು, ಸಣ್ಣಪುಟ್ಟ ಸಾಮಾನು. ಒಂದೊಂದು ಲಾಮಾದ ಹೇರು ಸುಮಾರು ಮೂವತ್ತು–ಮೂವತ್ತೈದು ಕಿಲೊ. ವಾರಕ್ಕೆ ಮೂರು ದಿನ, ಆರೂಮುಕ್ಕಾಲು ಮೈಲಿಯ ಏರು. ಇವು ಹೋಗುತ್ತಿರುವುದು ಅಮೆರಿಕದ ಟೆನ್ನೆಸಿ ರಾಜ್ಯದ ಗ್ರೇಟ್ ಸ್ಮೋಕಿ ಪರ್ವತಗಳ ನಡುವಿನ ಲೆಕಾಂಟ್ ಶಿಖರಕ್ಕೆ. ಅಲ್ಲಿ ನೆತ್ತಿಯ ತುಸು ಕೆಳಗೆ, ರಸ್ತೆ ಇಲ್ಲದ, ವಿದ್ಯುತ್ ತಂತಿ ಮುಟ್ಟದ ಜಾಗದಲ್ಲಿ, ಮರದ ಪುಟ್ಟ ಪುಟ್ಟ ಮನೆಗಳ ಒಂದು ಗುಂಪಿದೆ. ಲೆಕಾಂಟ್ ಲಾಡ್ಜ್. ಅಮೆರಿಕದ ಪೂರ್ವಭಾಗದಲ್ಲಿ ಇದಕ್ಕಿಂತ ಎತ್ತರದಲ್ಲಿ ಇನ್ನೊಂದು ತಂಗುಮನೆ ಇಲ್ಲ.

ಮೊದಲು ಈ ಕೆಲಸಕ್ಕೆ ಕುದುರೆಗಳಿದ್ದವು. ಲಾಳ ಹೊಡೆದ ಗೊರಸು ಮಳೆಗಾಲದ ಕಾಲುದಾರಿಯನ್ನು ಹೇಗೆ ಉತ್ತುಹಾಕುತ್ತದೆ ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಲಾಮಾದ ಪಾದ ಎರಡು ಬೆರಳಿನದು, ಅಡಿಯಲ್ಲಿ ಮೆತ್ತಗಿನ ಚರ್ಮ. ಮಣ್ಣಿನ ಮೇಲೆ ಒತ್ತುತ್ತದೆಯೇ ಹೊರತು ಕೆತ್ತುವುದಿಲ್ಲ. 1986ರಲ್ಲಿ ಹೇರು ಅವುಗಳ ಬೆನ್ನಿಗೆ ಬಂತು.

ಅವು ಹೋಗಲಿ, ನಾವು ಬೇರೆ ದಾರಿ ಹಿಡಿಯೋಣ. ಲೆಕಾಂಟಿಗೆ ಏರಲು ಐದು ದಾರಿಗಳಿವೆ. ಅವುಗಳಲ್ಲಿ ಆಲಂ ಕೇವ್ ದಾರಿ ಚಿಕ್ಕದು, ಐದು ಮೈಲಿಯ ಆಸುಪಾಸು. ಚಿಕ್ಕದೆಂದರೆ ಸಲೀಸೆಂದಲ್ಲ. ಶುರುವಿನಲ್ಲಿ ಹಳ್ಳದ ಪಕ್ಕ, ರೋಡೊಡೆಂಡ್ರಾನ್ ಪೊದೆಗಳ ಗವಿಯಂಥ ನೆರಳಲ್ಲಿ, ಮರದ ದಿಮ್ಮಿಯ ಸೇತುವೆಗಳನ್ನು ದಾಟುತ್ತಾ ಹರಟೆ ಹೊಡೆದುಕೊಂಡೇ ನಡೆಯಬಹುದು. ಆಮೇಲೆ ಒಂದು ದೊಡ್ಡ ಬಂಡೆಯ ಹೊಟ್ಟೆಯೊಳಗೇ ಮೆಟ್ಟಿಲು ಕಟ್ಟಿದ್ದಾರೆ, ಒಳಗೆ ತಂಪು, ಕೈಗೆ ಒದ್ದೆ ಕಲ್ಲು. ಅದನ್ನು ದಾಟಿ ಏರಿದರೆ ಆಲಂ ಕೇವ್. ಹೆಸರಿಗೆ ಗುಹೆ, ನಿಜಕ್ಕೂ ಮುಂದಕ್ಕೆ ಬಾಗಿದ ಎಂಬತ್ತು ಅಡಿಯ ಬಂಡೆಗೋಡೆ. ಹೊರಗೆ ಎಷ್ಟೇ ಮಳೆ ಹುಯ್ಯಲಿ, ಅದರ ಅಡಿಯ ಮಣ್ಣು ಒಣ ಪುಡಿಯಾಗಿಯೇ ಇರುತ್ತದೆ, ಕಾಲಿಟ್ಟರೆ ಧೂಳೇಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಎಪ್ಸಂ ಉಪ್ಪು ಅಗೆದು ಮಾರಲು ಒಂದು ಕಂಪನಿಯೇ ನಿಂತಿತ್ತು. ಬಹಳ ಜನ ಇಲ್ಲಿಯವರೆಗೆ ಬಂದು, ಫೋಟೋ ತೆಗೆಸಿಕೊಂಡು, ತಿಂಡಿ ಮುಗಿಸಿ ಇಳಿದುಬಿಡುತ್ತಾರೆ.

ಮುಂದಿನದು ಬೇರೆಯೇ ಲೋಕ. ದಾರಿ ಬಂಡೆಯ ಮೈಗೆ ಅಂಟಿಕೊಂಡು ಹೋಗುತ್ತದೆ. ಒಂದು ಕಡೆ ಜಿನುಗುವ ಕಲ್ಲು, ಇನ್ನೊಂದು ಕಡೆ ಬರೀ ಗಾಳಿ. ಕಲ್ಲಿಗೆ ಉಕ್ಕಿನ ಹಗ್ಗ ಜಡಿದಿದ್ದಾರೆ. ಬಿಸಿಲಲ್ಲಿ ಅದು ಅಲಂಕಾರಕ್ಕೆ ಇದ್ದಂತೆ ಕಾಣುತ್ತದೆ, ವಸಂತದ ಶುರುವಿನಲ್ಲಿ ಹನಿದ ನೀರು ಹೆಪ್ಪುಗಟ್ಟಿದಾಗ ಅದರ ಬೆಲೆ ತಿಳಿಯುತ್ತದೆ. ಏರಿದಂತೆ ಎಲೆಯುದುರುವ ಮರಗಳು ಹಿಂದೆ ಬೀಳುತ್ತವೆ. ಸ್ಪ್ರೂಸ್, ಫರ್ ಮರಗಳ ಕತ್ತಲೆ ಹತ್ತಿರವಾಗುತ್ತದೆ. ಕಾಲಡಿಯಲ್ಲಿ ಪಾಚಿ, ಮೂಗಿಗೆ ರಾಳದ ವಾಸನೆ. ಶಿಖರದ ಎತ್ತರ 6,593 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎಂಬತ್ತು ಮೀಟರ್ ಹೆಚ್ಚು. ವರ್ಷಕ್ಕೆ ಎಂಬತ್ತು ಇಂಚಿಗೂ ಮೀರಿ ಮಳೆ. ಬೇಸಿಗೆಯಲ್ಲೂ ಇಲ್ಲಿನ ತಾಪ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದಿಲ್ಲವಂತೆ, ನಮ್ಮ ಲೆಕ್ಕದಲ್ಲಿ 27ರ ಆಸುಪಾಸು.

ಲಾಡ್ಜು ಇದ್ದಕ್ಕಿದ್ದಂತೆ ಕಾಣುತ್ತದೆ. ಮರಗಳ ಸಂದಿಯಲ್ಲಿ ಕೆಳಗೆ ಬೂದು ಬಣ್ಣದ ಮರದ ಚಾವಣಿಗಳು, ಮುಂದೆ ತೂಗುಕುರ್ಚಿಗಳು, ಅವುಗಳಲ್ಲಿ ಶೂ ಬಿಚ್ಚಿ ಕಾಲು ಚಾಚಿ ಕೂತ ಜನ, ಬೆಂಚಿನ ಮೇಲೆ ಒಣಹಾಕಿದ ಕಾಲುಚೀಲ. ಅಡುಗೆಮನೆಯಿಂದ ಕಾಫಿಯ ಘಮ. ಲಾಮಾಗಳು ಬಂದ ದಿನವಾದರೆ ಅವು ಆಗಲೇ ಹೇರಿಳಿಸಿ ನಿಂತಿರುತ್ತವೆ. ಬೆಳಗಿನ ತಿಂಡಿಯಲ್ಲಿ ಮಿಕ್ಕ ಪ್ಯಾನ್‌ಕೇಕ್ ಅವುಗಳ ಪಾಲು. ಅಂಗೈ ಮೇಲಿಟ್ಟು ಹಿಡಿದರೆ, ಮೇಲ್ದುಟಿಯ ಎರಡು ಸೀಳನ್ನೂ ಬೇರೆಬೇರೆಯಾಗಿ ಆಡಿಸುತ್ತಾ, ಅಂಚಿನಿಂದ ಶುರುಮಾಡಿ ಒಂದು ಚೂರೂ ಬಿಡದೆ ಮುಗಿಸುತ್ತವೆ. ಮೇಲಕ್ಕೆ ಬರುವಾಗ ಮಡಿ ಬಟ್ಟೆ, ಕೆಳಕ್ಕೆ ಹೋಗುವಾಗ ಮೈಲಿಗೆ ಬಟ್ಟೆ ಮತ್ತು ಕಸ. ಖಾಲಿ ಬೆನ್ನಿನ ಪ್ರಯಾಣ ಎಂಬುದೇ ಅವಕ್ಕಿಲ್ಲ.

ಕಚೇರಿಯ ಒಳಗೆ ಹೋದರೆ ಒಂದು ಕುರ್ಚಿಯ ಕಥೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಕಥೆಗೆ ಮೊದಲು ಇನ್ನೊಂದು ಬೆನ್ನಿನ ವಿಷಯ ಬರಬೇಕು, ಅದು ನಾಯಿಯದು.

1924ರ ಆಗಸ್ಟಿನಲ್ಲಿ, ದಕ್ಷಿಣದ ಬೆಟ್ಟಸೀಮೆಯಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಜಾಗ ಹುಡುಕುತ್ತಿದ್ದ ಸಮಿತಿಯ ಇಬ್ಬರನ್ನು ಗ್ಯಾಟ್ಲಿನ್‌ಬರ್ಗಿನ ಜನ ಈ ನೆತ್ತಿಗೆ ಕರೆತಂದರು. ಬೆಟ್ಟ ತನ್ನ ಕೆಲಸ ಮಾಡಿತು, ಬಂದವರು ಮನಸೋತರು. ಇನ್ನು ಬರುವವರಿಗೆಲ್ಲ ಮೇಲೆ ಒಂದು ತಂಗುದಾಣ ಬೇಡವೇ? ಉದ್ಯಾನಕ್ಕಾಗಿ ಓಡಾಡುತ್ತಿದ್ದ ಸಂಘ 1925ರ ಜುಲೈನಲ್ಲಿ ಪಾಲ್ ಆ್ಯಡಮ್ಸ್ ಎಂಬ ತರುಣನನ್ನು ಮೇಲೆ ಕಳಿಸಿತು. ಒಂದು ಒರತೆಯ ಪಕ್ಕ ಅವನು ಬಿಡಾರ ಹೂಡಿದ. ಅವನ ಜೊತೆಗಿದ್ದದ್ದು ಸ್ಮೋಕಿ ಜಾಕ್ ಎಂಬ ಜರ್ಮನ್ ಶೆಫರ್ಡ್ ನಾಯಿ. ಅದರ ಬೆನ್ನಿಗೆ ಜೋಡಿ ಚೀಲ ಕಟ್ಟಿ, ಚೀಲದಲ್ಲಿ ಸಾಮಾನಿನ ಚೀಟಿ ಇಟ್ಟು ಬಿಟ್ಟರೆ, ತಾನೊಂದೇ ಬೆಟ್ಟ ಇಳಿದು ಗ್ಯಾಟ್ಲಿನ್‌ಬರ್ಗಿನ ಅಂಗಡಿಗೆ ಹೋಗಿ, ಸಾಮಾನು ತುಂಬಿಸಿಕೊಂಡು ತಿರುಗಿ ಹತ್ತಿ ಬರುತ್ತಿತ್ತು. ನಂಬಲು ಕಷ್ಟ, ಆದರೆ ಆ್ಯಡಮ್ಸ್ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದಿಟ್ಟಿದ್ದಾನೆ.

ಮರುವರ್ಷ, 1926ರಲ್ಲಿ, ಬಿಡಾರ ಜಾಕ್ ಹಫ್ ಕೈಗೆ ಬಂತು. ಹಫ್ ಮನೆತನಕ್ಕೆ ಅತಿಥಿಗಳು ಹೊಸಬರಲ್ಲ. ಅಪ್ಪ ಆ್ಯಂಡಿ ಹಫ್ ಮರದ ವ್ಯಾಪಾರಿ. ಮರ ಕೊಳ್ಳಲು ಬರುವವರಿಗೆ ಉಳಿಯಲು ಜಾಗವಿಲ್ಲವೆಂದು 1916ರಲ್ಲಿ ಊರಲ್ಲಿ ಮೌಂಟನ್ ವ್ಯೂ ಹೋಟೆಲ್ ಕಟ್ಟಿದವನು. ಮಗ ಅದೇ ಕಸುಬನ್ನು ಐದು ಸಾವಿರ ಅಡಿ ಮೇಲಕ್ಕೆ ಒಯ್ದ. ಸುತ್ತ ನಿಂತಿದ್ದ ಫರ್ ಮರಗಳನ್ನೇ ಕಡಿದು ಗೋಡೆ ಎಬ್ಬಿಸಿದ, ಮರದ ಹಲಗೆ ಸೀಳಿ ಚಾವಣಿ ಹೊದಿಸಿದ, ಆರಂಭದ ದಿನಗಳಲ್ಲಿ ಮಲಗಲು ಹಾಸಿದ್ದೂ ಅದೇ ಮರದ ಚಿಗುರು ರೆಂಬೆ. ಮರ ಬಿಟ್ಟು ಉಳಿದದ್ದೆಲ್ಲ, ಒಲೆ, ಗಾಜು, ಮೊಳೆ, ಹಿಟ್ಟು, ಎಲ್ಲವೂ ಕೆಳಗಿನಿಂದ ಹೊತ್ತು ತರಬೇಕಾದದ್ದು.

ಈಗ ಕುರ್ಚಿ. ಜಾಕ್‌ನ ಅವ್ವ ಮಾರ್ಥಾ ಕಾಯಿಲೆಯಿಂದ ಸೊರಗಿದ್ದರು. ಮಗ ಬೆಟ್ಟದ ಮೇಲೆ ಏನೋ ಕಟ್ಟಿದ್ದಾನಂತೆ, ಒಮ್ಮೆ ನೋಡಬೇಕೆಂಬ ಆಸೆ. ನಡೆಯುವುದು ಆಗದ ಮಾತು. ಜಾಕ್ ಮನೆಯದೇ ಒಂದು ಮರದ ಕುರ್ಚಿ ತೆಗೆದುಕೊಂಡು, ಅದಕ್ಕೆ ಪಟ್ಟಿ ಕಟ್ಟಿ, ಅವ್ವನನ್ನು ಕೂರಿಸಿ, ಹೆಗಲಿಗೇರಿಸಿ ನಡೆದೇಬಿಟ್ಟ. ಆ ಕ್ಷಣದ ಫೋಟೋ ಉಳಿದಿದೆ. ಕುರ್ಚಿಯ ಬೆನ್ನು ಮಗನ ಬೆನ್ನಿಗೆ ತಾಗಿದೆ. ಅಂದರೆ ಆಕೆ ಕೂತದ್ದು ಹಿಂದುಮುಂದಾಗಿ. ಮಗನಿಗೆ ಎದುರಿನ ಏರು ಕಾಣುತ್ತಿತ್ತು, ಅವ್ವನಿಗೆ ಬಿಟ್ಟುಬಂದ ಕಣಿವೆ. ಪ್ರತಿ ತಿರುವಿಗೂ ತನ್ನ ಊರು ಚಿಕ್ಕದಾಗುತ್ತಾ ಹೋಗುವುದನ್ನು ಆಕೆ ನೋಡುತ್ತಲೇ ಮೇಲೇರಿರಬೇಕು. ಅಷ್ಟು ಹೊತ್ತು ಅವ್ವ–ಮಗ ಮುಖ ನೋಡದೆಯೇ ಏನು ಮಾತಾಡಿಕೊಂಡರೋ.

ಅದೇ ಕಾಲಕ್ಕೆ, ಉದ್ಯಾನಕ್ಕೆ ನೆಲ ಕೊಳ್ಳಲು ಹಣ ಸಾಲದೆ ಎಲ್ಲರೂ ಕೈಚೆಲ್ಲಿ ಕೂತಿದ್ದಾಗ, 1928ರಲ್ಲಿ ಇನ್ನೊಬ್ಬ ಮಗ ಮುಂದೆ ಬಂದ. ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ತನ್ನ ತಾಯಿ ಲಾರಾ ಸ್ಪೆಲ್ಮನ್ ನೆನಪಿಗೆ ಐವತ್ತು ಲಕ್ಷ ಡಾಲರ್ ಕೊಟ್ಟ. ಆ ತಾಯಿಯ ಹೆಸರು ನ್ಯೂಫೌಂಡ್ ಗ್ಯಾಪ್ ಕಣಿವೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ ಲೋಹದಲ್ಲಿದೆ. ಅಲ್ಲಿಯೇ 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನಿಂತು ಉದ್ಯಾನವನ್ನು ನಾಡಿಗೆ ಅರ್ಪಿಸಿದ್ದು. ಮಾರ್ಥಾ ಹಫ್‌ಗೆ ಕಟ್ಟೆ ಇಲ್ಲ, ಫೋಟೋ ಇದೆ. ನನಗೆ ಆ ಫೋಟೋದ ಮೇಲೇ ಒಂದು ಹಿಡಿ ಪ್ರೀತಿ ಹೆಚ್ಚು.

ನೆಲ ಕೊಂಡ ಕಥೆಯನ್ನು ಸಿಹಿಯಾಗಿಯೇ ಹೇಳಿ ಮುಗಿಸುವಂತಿಲ್ಲ. ಶಿಖರ ಇದ್ದದ್ದು ಚಾಂಪಿಯನ್ ಎಂಬ ಕಾಗದದ ಕಂಪನಿಯ ಹಿಡಿತದಲ್ಲಿ. 1931ರಲ್ಲಿ ಅದು ಮೂವತ್ತು ಲಕ್ಷ ಡಾಲರಿಗೆ ತನ್ನ ಕಾಡನ್ನು ಬಿಟ್ಟುಕೊಟ್ಟಿತು. ಕಂಪನಿಗಳು ಚೌಕಾಸಿ ಮಾಡಿದವು, ಕೋರ್ಟಿಗೆ ಹೋದವು. ಕಣಿವೆಯ ಸಾವಿರಾರು ಸಣ್ಣ ಹಿಡುವಳಿಗಳ ಜನರಿಗೆ ಅಷ್ಟು ಬಲ ಎಲ್ಲಿಂದ? ಹೊಲ, ಮನೆ, ಚರ್ಚು, ಸ್ಮಶಾನ ಬಿಟ್ಟು ಎದ್ದರು. ಅವರಿಗೂ ಒಂದು ಶತಮಾನ ಮೊದಲು ಚೆರೊಕೀ ಜನರನ್ನು ಇದೇ ಬೆಟ್ಟಗಳಿಂದ ಬಲವಂತವಾಗಿ ಹೊರಡಿಸಲಾಗಿತ್ತು. ಕುದುರೆಮುಖ ಉದ್ಯಾನದೊಳಗಿನ ಒಕ್ಕಲುಗಳ ಮಾತು ಕೇಳಿದ ಕಿವಿಗೆ ಇದೆಲ್ಲ ಬೇಗ ಅರ್ಥವಾಗುತ್ತದೆ. ಹಫ್ ಮನೆಯವರಂತೂ ಉಳಿದರು, ಉದ್ಯಾನದ ಗುತ್ತಿಗೆದಾರರಾಗಿ.

1934ರ ಏಪ್ರಿಲ್ 29ರಂದು, ಶಿಖರದ ಪೂರ್ವದ ತುದಿಯ ಮರ್ಟಲ್ ಪಾಯಿಂಟಿನಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಜಾಕ್ ಪಾಲೀನ್ ಎಂಬಾಕೆಯನ್ನು ಮದುವೆಯಾದ. ದಿಬ್ಬಣ ಕತ್ತಲಲ್ಲೇ ಹೊರಟಿರಬೇಕು. ಅದಾಗಿ ಏಳು ವಾರದೊಳಗೆ, ಜೂನ್ 15ಕ್ಕೆ, ರಾಷ್ಟ್ರೀಯ ಉದ್ಯಾನ ಕಾನೂನಿನ ಪ್ರಕಾರ ಅಸ್ತಿತ್ವಕ್ಕೆ ಬಂತು. ಮುಂದಿನ ಕಾಲು ಶತಮಾನ ಗಂಡ–ಹೆಂಡತಿ ಲಾಡ್ಜು ನಡೆಸಿದರು. ಅಡುಗೆ, ಹಾಸಿಗೆ, ಸೌದೆ, ಚಾವಣಿ ರಿಪೇರಿ, ಬಂದವರ ಉಳುಕಿದ ಕಾಲು, ಎಲ್ಲ ಇಬ್ಬರ ಪಾಲಿಗೆ.

ಹೊರಗೆ ಬಂದು ಸುತ್ತ ನೋಡಿದರೆ ಫರ್ ಮರಗಳ ಒಣ ಅಸ್ಥಿಪಂಜರಗಳು ಬೆಳ್ಳಗೆ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಅದು ಕೊಡಲಿಯ ಕೆಲಸವಲ್ಲ. ಯುರೋಪಿನಿಂದ ಬಂದ, ಬರಿಗಣ್ಣಿಗೆ ಬಿಳಿ ಹತ್ತಿಯ ಚುಕ್ಕೆಯಂತೆ ಕಾಣುವ ಸಸ್ಯಹೇನಿನ ಜಾತಿಯ ಕೀಟವೊಂದು 1963ರಲ್ಲಿ ಸ್ಮೋಕಿ ಬೆಟ್ಟದಲ್ಲಿ ಪತ್ತೆಯಾಯಿತು; ತೊಗಟೆಗೆ ಕೊಂಡಿ ಹಾಕಿ ರಸ ಹೀರುತ್ತದೆ, ದೊಡ್ಡ ಮರಗಳೇ ಮೊದಲು ಸಾಯುತ್ತವೆ. ಬುಡದಲ್ಲಿ ಮೊಣಕಾಲೆತ್ತರದ ಹೊಸ ಸಸಿಗಳು ಒತ್ತೊತ್ತಾಗಿ ಎದ್ದಿವೆ. ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಅದೇ ರಾಳದ ವಾಸನೆ, ಜಾಕ್ ಹಾಸಿದ ರೆಂಬೆಗಳಿಗೂ ಇದ್ದಿರಬಹುದಾದದ್ದು. ಮರ ಕಡಿದು ಕಟ್ಟಿ, ಮರ ಉರಿಸಿ ಚಳಿ ಕಾಯಿಸಿಕೊಂಡ ಆ ಕಾಲವನ್ನು ಇವತ್ತಿನ ನಾಲಿಗೆಯಲ್ಲಿ ಪರಿಸರಸ್ನೇಹಿ ಎಂದು ಕರೆಯಲಾಗದು. ಈಗಲೂ ಪೂರ್ತಿ ಹೌದೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕೋಣೆ ಬಿಸಿಮಾಡುವುದು ಪ್ರೊಪೇನ್ ಗ್ಯಾಸು. ಸಿಲಿಂಡರ್, ಹಿಟ್ಟಿನ ಮೂಟೆ, ಡಬ್ಬಿ ಸಾಮಾನು ಎಲ್ಲವೂ ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಹೆಲಿಕಾಪ್ಟರಿನ ಹಗ್ಗಕ್ಕೆ ನೇತುಬಿದ್ದು ಬರುತ್ತವೆ.

ಆದರೂ ಒಂದು ಮಾತಿದೆ. ಇಲ್ಲಿ ಯಾರೂ ಮಿತವ್ಯಯದ ಪಾಠ ಹೇಳುವುದಿಲ್ಲ, ಹೊರೆಯೇ ಹೇಳುತ್ತದೆ. ವರ್ಷದ ಆ ಒಂದು ಹಾರಾಟ ಬಿಟ್ಟರೆ, ಹೊರಲು ಬೆನ್ನಿಲ್ಲದ ವಸ್ತು ಮೇಲೆ ಬರುವುದಿಲ್ಲ, ಬಂದದ್ದರಲ್ಲಿ ಮಿಕ್ಕದ್ದು ಇನ್ಯಾವುದೋ ಬೆನ್ನಿನ ಮೇಲೆಯೇ ಇಳಿಯಬೇಕು. ಕೋಣೆಯೊಳಗೆ ಹೋಗಿ ನೋಡಿ: ಮೇಲೊಂದು ಕೆಳಗೊಂದು ಮಂಚ, ದಪ್ಪ ಉಣ್ಣೆಯ ಕಂಬಳಿ, ಸೀಮೆಎಣ್ಣೆ ಲಾಟೀನು, ಒಂದು ಬೇಸಿನ್ನು, ಒಂದು ಬಕೆಟ್. ಸ್ವಿಚ್ಚು ಹುಡುಕುವ ಕೈ ಗೋಡೆ ಸವರಿ ಸುಮ್ಮನಾಗುತ್ತದೆ. ಸ್ನಾನದ ಮನೆ ಎಂಬುದಿಲ್ಲ. ಅಡುಗೆಮನೆಯ ಹತ್ತಿರದ ನಲ್ಲಿಯಿಂದ ಬಿಸಿನೀರು ಹಿಡಿದು ತಂದು, ಬೇಸಿನ್ನಿಗೆ ಸುರಿದುಕೊಂಡು, ಬಟ್ಟೆ ಅದ್ದಿ ಮೈ ಒರೆಸಿಕೊಳ್ಳುವುದೇ ಮಜ್ಜನ. ಬಕೆಟ್ಟು ತುಂಬ ಹಿಡಿದವರು ಜಾರುವ ದಾರಿಯಲ್ಲಿ ಅರ್ಧ ಚೆಲ್ಲಿಕೊಂಡು ಬರುತ್ತಾರೆ. ಎರಡನೇ ಸಲ ಅವರೇ ಅರ್ಧ ಬಕೆಟ್ ಹಿಡಿಯುತ್ತಾರೆ.

ಸಂಜೆ ಆರಕ್ಕೆ ಗಂಟೆ ಬಾರಿಸುತ್ತಾರೆ. ರಾತ್ರಿಗೆ ಅರವತ್ತು ಜನರಷ್ಟೇ ಅತಿಥಿಗಳು. ಎಲ್ಲರೂ ಉದ್ದ ಮೇಜುಗಳಿಗೆ, ಪರಿಚಯವಿಲ್ಲದವರ ಪಕ್ಕದಲ್ಲಿ. ಸೂಪು, ಗೋಮಾಂಸದ ಸಾರು, ಹಿಸುಕಿದ ಆಲೂಗಡ್ಡೆ, ಹುರುಳಿಕಾಯಿ, ಮಸಾಲೆ ಹಾಕಿ ಬೇಯಿಸಿದ ಸೇಬು, ಜೋಳದ ರೊಟ್ಟಿಯಲ್ಲ, ಮೆಕ್ಕೆಜೋಳದ ಬ್ರೆಡ್ಡು. ವರ್ಷಗಳಿಂದ ಹೆಚ್ಚುಕಮ್ಮಿ ಇದೇ. ಸಸ್ಯಾಹಾರಿ ಎಂದು ಮೊದಲೇ ತಿಳಿಸಿದವರಿಗೆ ಬೇರೆ ವ್ಯವಸ್ಥೆ ಇದೆ, ಮೇಲೆ ಬಂದು ಹೇಳಿದರೆ ಅಂಗಡಿಗೆ ಓಡಲು ಈಗ ಸ್ಮೋಕಿ ಜಾಕ್ ಇಲ್ಲ. ಪಾತ್ರೆಗಳು ಕೈಯಿಂದ ಕೈಗೆ ದಾಟುತ್ತವೆ. ಬೆಟ್ಟ ಹತ್ತಿದ ಹಸಿವು ಅಪರಿಚಿತರನ್ನು ಎಷ್ಟು ಬೇಗ ಬಳಗವಾಗಿಸುತ್ತದೆ ಎಂದರೆ, ಸೇಬಿನ ಬಟ್ಟಲು ಎರಡನೇ ಸುತ್ತು ಬರುವ ಹೊತ್ತಿಗೆ ಎದುರಿನವರ ಮಂಡಿನೋವಿನ ಇತಿಹಾಸ ನಮಗೆ ಪೂರ್ತಿ ಗೊತ್ತಾಗಿರುತ್ತದೆ.

ಉಂಡು ಎಲ್ಲರೂ ಕ್ಲಿಫ್ ಟಾಪ್ಸ್ ಕಡೆ ಹೊರಡುತ್ತಾರೆ, ಸೂರ್ಯ ಮುಳುಗುವುದನ್ನು ನೋಡಲು. ಬೆಟ್ಟದ ಸಾಲುಗಳು ಒಂದರ ಹಿಂದೊಂದು ನೀಲಿಯಾಗುತ್ತಾ ಕೊನೆಗೆ ಹೊಗೆಯೋ ಬೆಟ್ಟವೋ ತಿಳಿಯದಂತಾಗುತ್ತವೆ. ಕತ್ತಲಾದ ಮೇಲೆ ಕಣಿವೆಯ ಕಡೆ ತಿರುಗಿದರೆ ಗ್ಯಾಟ್ಲಿನ್‌ಬರ್ಗ್, ಪಿಜನ್ ಫೋರ್ಜ್ ಪಟ್ಟಣಗಳು ಝಗಝಗಿಸುತ್ತವೆ. ಹೋಟೆಲುಗಳು, ಜಾಯಿಂಟ್ ವೀಲು, ಮಿಠಾಯಿ ಅಂಗಡಿ, ಮಧ್ಯರಾತ್ರಿಯವರೆಗೆ ಜಾತ್ರೆ. ಅಟ್ಲಾಂಟಾ, ಶಾರ್ಲಟ್ ಕಡೆಯ ನಮ್ಮ ಜನ ಉದ್ದ ರಜೆಗೆ ಕಾರು ತುಂಬಿಕೊಂಡು ಬಂದಿಳಿಯುವುದೂ ಅಲ್ಲಿಗೇ. ಆ್ಯಂಡಿ ಹಫ್ ಕಟ್ಟಿದ ಹೋಟೆಲು ಅಲ್ಲಿಂದ ಎಂದೋ ಮರೆಯಾಗಿದೆ. 2016ರ ನವೆಂಬರ್ 28ರ ರಾತ್ರಿ, ಬಿರುಗಾಳಿಗೆ ಸಿಕ್ಕ ಕಾಡ್ಗಿಚ್ಚು ಗ್ಯಾಟ್ಲಿನ್‌ಬರ್ಗಿಗೆ ನುಗ್ಗಿ 14 ಜೀವಗಳನ್ನು ತೆಗೆದುಕೊಂಡಿತು. ಲೆಕಾಂಟಿನ ಒಂದು ಮಗ್ಗುಲೂ ಸುಟ್ಟಿತು. ನೆತ್ತಿಯ ಮರದ ಮನೆಗಳು ಉಳಿದವು.

1960ರಲ್ಲಿ ಹಫ್ ದಂಪತಿ ಲಾಡ್ಜನ್ನು ಬಿಟ್ಟುಕೊಟ್ಟಾಗ ಬಂದವರು ಬ್ರೌನ್ ದಂಪತಿ, ಇನ್ನೊಂದು ಕುಟುಂಬ. ಎಪ್ಪತ್ತರ ದಶಕದಲ್ಲಿ, ಕಾಡನ್ನು ಕಾಡಾಗಿಯೇ ಬಿಡಬೇಕು, ನೆತ್ತಿಯ ಮೇಲೆ ಹೋಟೆಲು ಯಾಕೆ, ಮುಚ್ಚಿ ಎಂಬ ಮಾತೂ ಎದ್ದಿತು. ಅದರಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಅಷ್ಟರೊಳಗೆ ಇದು ಎಷ್ಟೋ ಮನೆಗಳ ವರ್ಷದ ವಾಡಿಕೆಯಾಗಿಬಿಟ್ಟಿತ್ತು. ಲಾಡ್ಜು ಉಳಿಯಿತು. 1989ರಿಂದ ಗುತ್ತಿಗೆ ಕಂಪನಿಯ ಹೆಸರಲ್ಲಿ ನಡೆಯತೊಡಗಿತು. ನವೆಂಬರಿನಲ್ಲಿ ಬಾಗಿಲು ಹಾಕಿದ ಮೇಲೆ ಚಳಿಗಾಲವಿಡೀ ಒಬ್ಬ ಕಾವಲಿನವರು ಮೇಲೇ ಉಳಿದು, ದಿನಾ ಹಿಮ ಅಳೆದು ಬರೆದಿಡುತ್ತಾರೆ.

ಇಲ್ಲಿಗೆ ಬಂದು ಹೋದವರಲ್ಲಿ ಗ್ರೇಸಿ ಮೆಕ್‌ನಿಕಲ್ ಎಂಬಾಕೆಯ ಹೆಸರು ಇನ್ನೂ ಊಟದ ಮೇಜಿನಲ್ಲಿ ಓಡಾಡುತ್ತದೆ. ವೃತ್ತಿಯಲ್ಲಿ ನರ್ಸು. ಬೆಟ್ಟವನ್ನು ಮೊದಲು ಹತ್ತಿದ್ದು 62ನೇ ವಯಸ್ಸಿನಲ್ಲಿ, ನಮ್ಮಲ್ಲಾದರೆ ಸಾಕಮ್ಮ ಎಂದು ಕೂರಿಸುವ ಪ್ರಾಯದಲ್ಲಿ. ಒಟ್ಟು 244 ಸಲ ಬಂದರು. ಕಾಲು ಸೋತ ಮೇಲೆ ಕುದುರೆಯೇರಿ ಬಂದರು. ಕೊನೆಯ ಸಲ 1983ರಲ್ಲಿ, 92ನೇ ಹುಟ್ಟುಹಬ್ಬಕ್ಕೆ.

ಬೆಳಿಗ್ಗೆ ಎಂಟರ ತಿಂಡಿ ಮುಗಿದರೆ ಕಚೇರಿಯ ಮುಂದೆ ಟೀ ಶರ್ಟಿಗೆ ಸಾಲು. ಆಯಾ ವರ್ಷದ ಇಸವಿ ಅಚ್ಚಾದ ಆ ಶರ್ಟು ಬೆಟ್ಟದ ಮೇಲಲ್ಲದೆ ಬೇರೆಲ್ಲೂ ಸಿಗದು. ಹತ್ತಿ ಬಂದವರೇ ಕೊಳ್ಳಬೇಕು, ತಾವೇ ಹೊತ್ತು ಇಳಿಯಬೇಕು. ಕೋಣೆ ಸಿಗುವುದು ಅದಕ್ಕಿಂತ ಕಷ್ಟ. ಮುಂದಿನ ವರ್ಷದ ಮಂಚಗಳಿಗೆ ಅಕ್ಟೋಬರಿನಲ್ಲೇ ಅರ್ಜಿ ಹಾಕಬೇಕು, ಚೀಟಿ ಎತ್ತಿ ಹಂಚುತ್ತಾರೆ. ಹೆಸರು ಬರದವರಿಗೆ ಒಂದು ಉಪಾಯವಿದೆ. ಮಳೆಯ ಮುನ್ಸೂಚನೆ ನೋಡಿ ಕೊನೇ ಗಳಿಗೆಯಲ್ಲಿ ಬರುವುದಿಲ್ಲವೆನ್ನುವವರು ಇದ್ದೇ ಇರುತ್ತಾರೆ, ಅಂಥ ವಾರ ಫೋನು ಮಾಡಿ ಕೇಳಬೇಕು. ಆಗುಂಬೆ, ಮಡಿಕೇರಿ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರಿಗೆ ಇದಕ್ಕಿಂತ ಅನುಕೂಲದ ನಿಯಮ ಇನ್ನೇನು ಬೇಕು? ಒಳ್ಳೆಯ ರೇನ್‌ಕೋಟೊಂದು ಚೀಲದಲ್ಲಿರಲಿ.